ವಿಳಂಬವನ್ನು ಬಚ್ಚಿಡುವ ಲೈಬ್ರರಿಗಳು

ಮೊಬೈಲಿನಲ್ಲಿ ನಾಲ್ಕಾರು ಮಂದಿ ಸೇರಿ ಆಡುವ ಶೂಟಿಂಗ್ ಆಟ. ಎದುರಾಳಿ ಕಂಡ, ಗುರಿಯಿಟ್ಟಿರಿ, ಗುಂಡು ಹಾರಿತು, ಅವನು ಬಿದ್ದ. ಇಷ್ಟರಲ್ಲಿ ಆಟ ನಿಮಗೆ ಹೇಳದೇ ಉಳಿಸಿಕೊಂಡ ಸಂಗತಿಯೊಂದಿದೆ. ನೀವು ಕಂಡ ಎದುರಾಳಿ ಆ ಕ್ಷಣದಲ್ಲಿ ಅಲ್ಲಿರಲಿಲ್ಲ. ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹಿಂದೆ ಅವನೆಲ್ಲಿದ್ದನೋ ಆ ಜಾಗದಲ್ಲಿ ನಿಮ್ಮ ಫೋನು ಅವನನ್ನು ಬಿಡಿಸಿ ತೋರಿಸಿತ್ತು. ಅವನ ಪರದೆಯ ಮೇಲೆ ನೀವೂ ಹಾಗೆಯೇ, ಹಳೆಯ ಜಾಗದಲ್ಲಿ ನಿಂತಿದ್ದಿರಿ. ಮೈದಾನ ಒಂದೇ, ಆದರೆ ಅಲ್ಲಿರುವ ಪ್ರತಿಯೊಬ್ಬ ಆಟಗಾರನ ಗಡಿಯಾರವೂ ಬೇರೆ.

ಇದರಲ್ಲಿ ಇಂಟರ್ನೆಟ್ ಕಂಪನಿಯ ತಪ್ಪು ಇರುವುದು ಸ್ವಲ್ಪವೇ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ಸಿಂಗಪುರಕ್ಕೆ ನೇರ ಗೆರೆ ಎಳೆದರೆ ಸುಮಾರು 3,200 ಕಿಲೋಮೀಟರ್. ಹೋಗಿ ಬರಲು ಬೆಳಕಿಗೇ 32 ಮಿಲಿಸೆಕೆಂಡ್ ಹಿಡಿಯುತ್ತದೆ. ಕೇಬಲ್ಲು ನೇರ ಗೆರೆಯಲ್ಲಿ ಹೋಗುವುದಿಲ್ಲ. ದಾರಿಯಲ್ಲಿ ರೂಟರ್‌ಗಳಿವೆ, ಮೊಬೈಲ್ ಟವರ್ ಇದೆ, ಮನೆಯ ವೈಫೈ ಇದೆ. ಆಟಗಾರರು ಪಿಂಗ್ ಎಂದು ಕರೆಯುವ ಈ ಹೋಗಿಬರುವ ಹೊತ್ತು ಹಾಗಾಗಿ ಇನ್ನಷ್ಟು ಹೆಚ್ಚುತ್ತದೆ. ಸೆಕೆಂಡಿಗೆ 60 ಚಿತ್ರ ಬಿಡಿಸುವ ಆಟದಲ್ಲಿ ಒಂದೊಂದು ಚಿತ್ರಕ್ಕೆ ಸಿಗುವ ಕಾಲ 16.7 ಮಿಲಿಸೆಕೆಂಡ್ ಮಾತ್ರ. 2016ರ ಜೂನ್‌ನಲ್ಲಿ ಅಮೆಜಾನ್ ತನ್ನ ಕ್ಲೌಡ್ ಕೇಂದ್ರವನ್ನು ಮುಂಬೈಯಲ್ಲಿ ತೆರೆಯಿತು. ಅಂಥ ಕೇಂದ್ರದಲ್ಲಿ ಸರ್ವರ್ ಇಟ್ಟರೆ ಬೆಂಗಳೂರಿನ ಆಟಗಾರನಿಗೆ ಬೆಳಕಿನ ಪಾಲಿನ ಹೊತ್ತು ಎಂಟೊಂಬತ್ತು ಮಿಲಿಸೆಕೆಂಡಿಗೆ ಇಳಿಯುತ್ತದೆ. ಸೊನ್ನೆಗೆ ಮಾತ್ರ ಅದು ಎಂದೂ ಇಳಿಯದು.

ಸೊನ್ನೆಗಿಳಿಸಲಾಗದ ಈ ವಿಳಂಬವನ್ನು ಕಣ್ಣಿಗೆ ಕಾಣದಂತೆ ಬಚ್ಚಿಡುವುದು ನಿಮ್ಮ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಓಡುವ ಕ್ಲೈಂಟ್ ಎಂಬ ಪ್ರೋಗ್ರಾಮಿನ ಹೊಣೆ. ಆಟದ ಅಧಿಕೃತ ಲೆಕ್ಕ ಇಡುವ ಸರ್ವರ್ ದೂರದಲ್ಲೆಲ್ಲೋ ಇರುತ್ತದೆ. ಆಟಗಾರನ ಕೈಗೆ ಸಿಗುವುದು ಕ್ಲೈಂಟ್ ಮಾತ್ರ. ಅದನ್ನು ಬರೆಯುವವರು ಎಲ್ಲವನ್ನೂ ಮೊದಲಿನಿಂದ ಬರೆಯುವುದಿಲ್ಲ. ಬೇರೆಯವರು ಬರೆದು, ಪರೀಕ್ಷಿಸಿ, ಯಾರು ಬೇಕಾದರೂ ತಮ್ಮ ಪ್ರೋಗ್ರಾಮಿಗೆ ಸೇರಿಸಿಕೊಳ್ಳಲಿ ಎಂದು ಸಿದ್ಧಪಡಿಸಿಟ್ಟ ಕೋಡನ್ನು, ಅಂದರೆ ಲೈಬ್ರರಿಯನ್ನು, ಬಳಸುತ್ತಾರೆ. ಎನೆಟ್, ರಾಕ್‌ನೆಟ್, ಜಿಜಿಪಿಒ, ಫೋಟಾನ್, ಮಿರರ್, ಕೊಲಿಸಿಯಸ್, ನಕಾಮ ಹೀಗೆ ಹೆಸರುಗಳು ಬಹಳ. ಹೊಸದಾಗಿ ಆಟ ಕಟ್ಟಲು ಹೊರಟವರು ಇವುಗಳಲ್ಲಿ ಯಾವುದು ಸುಲಭ, ಯಾವುದು ಅಗ್ಗ ಎಂದು ಕೇಳುತ್ತಾರೆ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯಿದೆ ಎಂಬುದು ನನ್ನ ನಂಬಿಕೆ. ಈ ಲೈಬ್ರರಿ ವಿಳಂಬದ ಯಾವ ಭಾಗವನ್ನು ಹೊರುತ್ತದೆ, ಯಾವುದನ್ನು ನನ್ನ ತಲೆಗೆ ಬಿಡುತ್ತದೆ? ಮತ್ತು ಇದರ ಹಿಂದಿರುವ ಕಂಪನಿ ನಾಳೆ ಬಾಗಿಲು ಹಾಕಿಕೊಂಡರೆ ನನ್ನ ಆಟದ ಗತಿಯೇನು?

ಮೊದಲ ಪ್ರಶ್ನೆಯ ಉತ್ತರವನ್ನು ಜಗತ್ತು ಕಲಿತದ್ದು ಹೆಚ್ಚಾಗಿ ಅಮೆರಿಕದ ಐಡಿ ಸಾಫ್ಟ್‌ವೇರ್ ಎಂಬ ಪುಟ್ಟ ಕಂಪನಿಯಿಂದ. 1993ರ ಡಿಸೆಂಬರಿನಲ್ಲಿ ಅವರ ಡೂಮ್ ಬಂತು. ನಾಲ್ಕು ಕಂಪ್ಯೂಟರುಗಳನ್ನು ಒಂದೇ ಕಟ್ಟಡದ ನೆಟ್‌ವರ್ಕಿಗೆ ಜೋಡಿಸಿ ಆಡಬಹುದಾದ ಆಟ. ಅದರ ಮೊದಲ ಆವೃತ್ತಿ ಪ್ರತಿ ಸಂದೇಶವನ್ನೂ ನೆಟ್‌ವರ್ಕಿನಲ್ಲಿರುವ ಎಲ್ಲ ಯಂತ್ರಗಳಿಗೆ ಸಾರುತ್ತಿತ್ತು. ಕಾಲೇಜು, ಕಚೇರಿಗಳ ಜಾಲವೇ ಕುಸಿಯುತ್ತಿತ್ತು. ಅದನ್ನು ಬೇಗನೆ ಸರಿಪಡಿಸಿದರು. 1996ರ ಜೂನ್‌ನಲ್ಲಿ ಕ್ವೇಕ್ ಬಂದಾಗ ರಚನೆಯೇ ಬದಲಾಗಿತ್ತು. ಕ್ವೇಕ್‌ನಲ್ಲಿ ಆಟ ನಿಜವಾಗಿ ನಡೆಯುವುದು ಸರ್ವರಿನಲ್ಲಿ. ಕ್ಲೈಂಟ್ ನಿಮ್ಮ ಕೀಲಿ ಒತ್ತುವಿಕೆಯನ್ನು ಅತ್ತ ಕಳಿಸಿ, ಅತ್ತಲಿಂದ ಬಂದ ಚಿತ್ರಣವನ್ನು ತೋರಿಸುತ್ತಿತ್ತು, ಅಷ್ಟೇ. ಒಂದೇ ಕಟ್ಟಡದೊಳಗೆ ಇದು ಸೊಗಸಾಗಿ ನಡೆಯಿತು. ಆದರೆ ಜನ ಮನೆಯಿಂದ, ಟೆಲಿಫೋನ್ ತಂತಿಯ ಮೋಡೆಮ್ ಮೂಲಕ ಆಡಲು ಕೂತರು. ಮುಂದೆ ಹೆಜ್ಜೆಯಿಡುವ ಕೀಲಿ ಒತ್ತಿದರೆ ಸೆಕೆಂಡಿನ ಕಾಲು ಭಾಗ ಕಳೆದ ಮೇಲೆ ಕಾಲು ಏಳುತ್ತಿತ್ತು. ಅಂಥ ಆಟವನ್ನು ಆಡಲಾಗದು.

ಕ್ವೇಕ್‌ನ ಮುಖ್ಯ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಅದೇ ವರ್ಷದ ಡಿಸೆಂಬರ್ ಹೊತ್ತಿಗೆ ಕ್ವೇಕ್‌ವರ್ಲ್ಡ್ ಎಂಬ ಹೊಸ ಕ್ಲೈಂಟ್ ಬಿಡುಗಡೆ ಮಾಡಿದರು. ಇದರೊಳಗಿನ ಉಪಾಯವನ್ನು ಇಂದಿಗೂ ಬಹುಪಾಲು ವೇಗದ ಆಟಗಳು ಬಳಸುತ್ತಿವೆ. ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಕೀಲಿ ಒತ್ತಿದೊಡನೆ ಕ್ಲೈಂಟ್ ಸರ್ವರಿನ ಉತ್ತರಕ್ಕೆ ಕಾಯದೆ ನಿಮ್ಮ ಪಾತ್ರವನ್ನು ತಾನೇ ನಡೆಸಿಬಿಡುತ್ತದೆ. ಚಲನೆಯ ನಿಯಮಗಳು ಎರಡೂ ಕಡೆ ಒಂದೇ ಆಗಿರುವುದರಿಂದ ಊಹೆ ಬಹುಪಾಲು ಸರಿಯಾಗುತ್ತದೆ. ಪ್ರತಿ ಒತ್ತುವಿಕೆಗೂ ಒಂದು ಕ್ರಮಸಂಖ್ಯೆ ಕೊಟ್ಟು ಸರ್ವರಿಗೆ ಕಳಿಸುತ್ತದೆ, ಒಂದು ಪ್ರತಿಯನ್ನು ತನ್ನಲ್ಲೂ ಇಟ್ಟುಕೊಳ್ಳುತ್ತದೆ. ನೀವು 106ನೇ ಒತ್ತುವಿಕೆಯಲ್ಲಿದ್ದೀರಿ ಎನ್ನಿ. ಆಗ ಸರ್ವರಿನಿಂದ ಒಂದು ಸಂದೇಶ ಬರುತ್ತದೆ: 103ನೆಯದು ಮುಗಿದಾಗ ನೀನು ಇಂಥ ಜಾಗದಲ್ಲಿದ್ದೆ. ಕ್ಲೈಂಟ್ ನಿಮ್ಮನ್ನು ಆ ಜಾಗಕ್ಕೆ ಒಯ್ದು ಇಟ್ಟು, 104, 105, 106ನ್ನು ಮತ್ತೊಮ್ಮೆ ಅನ್ವಯಿಸಿ ಈಗಿನ ಜಾಗವನ್ನು ಲೆಕ್ಕ ಹಾಕುತ್ತದೆ. ಊಹೆ ಸರಿಯಿದ್ದರೆ ಎರಡು ಲೆಕ್ಕವೂ ಒಂದೇ. ಪರದೆಯ ಮೇಲೆ ಏನೂ ಆಗಿಲ್ಲವೆಂಬಂತೆ ಇರುತ್ತದೆ. ನಡುವೆ ಯಾರೋ ನಿಮ್ಮನ್ನು ತಳ್ಳಿದ್ದರೆ, ಆ ಸುದ್ದಿ ಕ್ಲೈಂಟಿಗೆ ಗೊತ್ತಿರದ ಕಾರಣ, ಪಾತ್ರ ಸ್ವಲ್ಪ ಜಿಗಿದಂತೆ ಕಾಣುತ್ತದೆ. ಆಟಗಾರರು ಲ್ಯಾಗ್ ಎಂದು ಬೈಯುವುದರಲ್ಲಿ ಒಂದು ಬಗೆ ಇದೇ. ಕ್ಲೈಂಟಿಗೆ ಊಹಿಸುವ ಸ್ವಾತಂತ್ರ್ಯವುಂಟು, ತೀರ್ಪು ಕೊಡುವ ಅಧಿಕಾರವಿಲ್ಲ. ಆಟಗಾರನ ಯಂತ್ರದಲ್ಲಿರುವ ಪ್ರೋಗ್ರಾಮನ್ನು ಆಟಗಾರನೇ ತಿದ್ದಬಲ್ಲ. ನಾನು ಇಲ್ಲಿದ್ದೇನೆ ಎಂದು ಕ್ಲೈಂಟ್ ಹೇಳಿದ್ದನ್ನೆಲ್ಲ ನಂಬುವ ಸರ್ವರ್ ಮೋಸಗಾರರ ಪಾಲಾಗುತ್ತದೆ.

ಇನ್ನು ಸಂದೇಶ ಸಾಗುವ ದಾರಿ. ವೆಬ್ ಪುಟ, ಇಮೇಲ್ ಮೊದಲಾದವು ಬಹುಕಾಲದಿಂದ ನಂಬಿಕೊಂಡು ಬಂದದ್ದು ಟಿಸಿಪಿ ಎಂಬ ನಿಯಮಾವಳಿಯನ್ನು. ಕಳಿಸಿದ್ದೆಲ್ಲ ತಲುಪುತ್ತದೆ, ಕಳಿಸಿದ ಕ್ರಮದಲ್ಲೇ ತಲುಪುತ್ತದೆ ಎಂಬುದು ಅದರ ಭರವಸೆ. ವೇಗದ ಆಟಕ್ಕೆ ಈ ಭರವಸೆಯೇ ಉರುಳು. ನ್ಯಾಯಬೆಲೆ ಅಂಗಡಿಯ ಸರದಿಯಲ್ಲಿ ಮುಂದಿನವರ ಬೆರಳಚ್ಚು ಹೊಂದದಿದ್ದರೆ ಹಿಂದಿರುವವರೆಲ್ಲ ಚೀಲ ಹಿಡಿದು ನಿಲ್ಲಬೇಕಾಗುವಂತೆ, ಟಿಸಿಪಿಯಲ್ಲಿ ಒಂದು ಪ್ಯಾಕೆಟ್, ಅಂದರೆ ಸಂದೇಶದ ಒಂದು ತುಂಡು, ದಾರಿಯಲ್ಲಿ ಕಳೆದುಹೋದರೆ ಅದು ಮತ್ತೆ ಬರುವ ತನಕ ಹಿಂದೆ ಬಂದವೆಲ್ಲ ಕಾಯಬೇಕು. ಎದುರಾಳಿ ಸೆಕೆಂಡಿನ ಹತ್ತನೇ ಒಂದು ಭಾಗದ ಹಿಂದೆ ಎಲ್ಲಿದ್ದ ಎಂಬ ಕಳೆದುಹೋದ ಸುದ್ದಿಯಿಂದ ಈಗ ಏನೂ ಉಪಯೋಗವಿಲ್ಲ. ಈಗಿನ ಸುದ್ದಿ ಬಂದು ಕೂತಿದೆ, ಆದರೆ ಆಟಕ್ಕೆ ಅದು ಸಿಗುವುದಿಲ್ಲ.

ಆದ್ದರಿಂದ ವೇಗದ ಆಟಗಳು ಯುಡಿಪಿಯ ಮೊರೆ ಹೋಗುತ್ತವೆ. 1980ರ ಆಗಸ್ಟಿನಲ್ಲಿ ಜಾನ್ ಪೋಸ್ಟೆಲ್ ಹೆಸರಿನಲ್ಲಿ ಪ್ರಕಟವಾದ ಇದರ ವಿವರಣೆ ಮೂರೇ ಪುಟ. ಪ್ರತಿ ಪ್ಯಾಕೆಟ್ಟಿಗೆ ಇದು ಹಚ್ಚುವ ತಲೆಬರಹ 8 ಬೈಟ್. ತಲುಪಿತೇ, ಯಾವ ಕ್ರಮದಲ್ಲಿ ತಲುಪಿತು, ಎರಡು ಸಲ ತಲುಪಿತೇ ಎಂಬ ಯಾವುದಕ್ಕೂ ಇದು ಹೊಣೆಯಲ್ಲ. ಹೊಣೆ ಇಲ್ಲದಿರುವುದರಿಂದಲೇ ಕಾಯಿಸುವುದಿಲ್ಲ. ಆದರೆ ಆಟದಲ್ಲಿ ಕೆಲವು ಸಂದೇಶಗಳು ತಲುಪಲೇಬೇಕು: ಬಾಗಿಲು ತೆರೆಯಿತು, ಪಂದ್ಯ ಮುಗಿಯಿತು, ಗೆಳೆಯ ಬರೆದ ಚಾಟ್. ಹೀಗಾಗಿ ಯುಡಿಪಿಯ ಮೇಲೆ, ಬೇಕಾದುದಕ್ಕೆ ಬೇಕಾದಷ್ಟೇ ಭರವಸೆ ಕೊಡುವ ಒಂದು ಪದರವನ್ನು ಕಟ್ಟಬೇಕು. ಇದನ್ನು ಪ್ರತಿ ಕಂಪನಿಯೂ ಹೊಸದಾಗಿ ಕಟ್ಟುತ್ತಿದ್ದ ಕಾಲವಿತ್ತು. ಲೀ ಸಾಲ್ಜ್‌ಮನ್ ಬರೆದ ಎನೆಟ್ ಅಂಥ ಪದರವನ್ನು ಎಲ್ಲರಿಗೂ ಉಚಿತವಾಗಿ ಕೊಟ್ಟಿತು.

ಎನೆಟ್ ನನಗೆ ಬಹಳ ಇಷ್ಟವಾದ ಲೈಬ್ರರಿ. ಕ್ಯೂಬ್ ಎಂಬ ಮುಕ್ತ ಶೂಟಿಂಗ್ ಆಟಕ್ಕಾಗಿ ಹುಟ್ಟಿದ್ದು, ಸಿ ಭಾಷೆಯ ಕೆಲವೇ ಕಡತಗಳಲ್ಲಿ ಮುಗಿಯುತ್ತದೆ. ಕ್ಲೈಂಟ್ ಬರೆಯುವವರು ಪ್ರತಿ ಫ್ರೇಮಿಗೊಮ್ಮೆ, ಅಂದರೆ ಬಿಡಿಸುವ ಪ್ರತಿ ಚಿತ್ರಕ್ಕೊಮ್ಮೆ, ಅದರ ಒಂದು ಫಂಕ್ಷನ್ ಕರೆದರೆ ಸಾಕು. ಸಂಪರ್ಕ ಸಿಕ್ಕಿತು, ಸಂದೇಶ ಬಂತು, ಸಂಪರ್ಕ ತಪ್ಪಿತು ಎಂಬ ಮೂರು ಬಗೆಯ ಸುದ್ದಿಗಳಲ್ಲಿ ಯಾವುದಿದೆಯೋ ಅದನ್ನು ಕೈಗಿಡುತ್ತದೆ. ಒಂದೇ ಸಂಪರ್ಕದೊಳಗೆ ಹಲವು ಚಾನೆಲ್ ಮಾಡಿಕೊಳ್ಳಬಹುದು. ಚಾಟ್‌ನ ಪ್ಯಾಕೆಟ್ ಕಳೆದರೆ ಚಾಟ್ ಮಾತ್ರ ಕಾಯುತ್ತದೆ, ಓಟ ನಿಲ್ಲುವುದಿಲ್ಲ. ಪ್ಯಾಕೆಟ್ ಕಳಿಸುವಾಗಲೇ ಇದು ತಲುಪಲೇಬೇಕಾದದ್ದೋ ಅಲ್ಲವೋ ಎಂದು ಗುರುತು ಹಾಕಬಹುದು. ದೊಡ್ಡ ಸಂದೇಶವನ್ನು ತುಂಡು ಮಾಡಿ ಕಳಿಸಿ ಆಚೆ ಕಡೆ ಜೋಡಿಸುತ್ತದೆ, ಸಣ್ಣಸಣ್ಣವನ್ನು ಒಟ್ಟು ಕಟ್ಟುತ್ತದೆ. ಲಾಗಿನ್, ಆಟಗಾರರನ್ನು ಸೇರಿಸುವ ಲಾಬಿ, ಸರ್ವರ್ ಹುಡುಕಾಟ, ಗೂಢಲಿಪಿ ಇವನ್ನು ಬೇಕೆಂದೇ ಬಿಟ್ಟಿದ್ದೇವೆ ಎಂದು ಅದರ ದಾಖಲೆಯಲ್ಲೇ ಸ್ಪಷ್ಟವಾಗಿ ಬರೆದಿದ್ದಾರೆ. ತನ್ನ ಗಡಿ ಎಲ್ಲಿ ಎಂದು ಇಷ್ಟು ನೇರವಾಗಿ ಹೇಳುವ ಸಾಫ್ಟ್‌ವೇರ್ ಕಡಿಮೆ. ಇಂದು ಗೋಡೋ ಗೇಮ್ ಎಂಜಿನ್ ಬಳಸಿ ಆನ್‌ಲೈನ್ ಆಟ ಮಾಡುವ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ, ಹೆಸರು ಗೊತ್ತಿಲ್ಲದೆಯೇ, ಎನೆಟ್ ಬಳಸುತ್ತಿರುತ್ತಾರೆ.

ಆದರೆ ಕ್ವೇಕ್‌ವರ್ಲ್ಡ್‌ನ ಊಹೆ-ತಿದ್ದುಪಡಿಯ ಕೆಲಸವನ್ನು ಎನೆಟ್ ಮಾಡುವುದಿಲ್ಲ, ಮಾಡಲೂ ಬಾರದು. ಅದಕ್ಕೆ ಆಟದ ನಿಯಮ ಗೊತ್ತಿಲ್ಲ. ಇಲ್ಲೇ ಹೊಸಬರು ಎಡವುವುದು. ಲೈಬ್ರರಿ ಸೇರಿಸಿದೆವು, ಎರಡು ಕಂಪ್ಯೂಟರ್ ಮಾತಾಡುತ್ತಿವೆ, ಇನ್ನೇನು ಮುಗಿಯಿತು ಎಂದುಕೊಳ್ಳುತ್ತಾರೆ. ಒಂದೇ ಕೋಣೆಯೊಳಗೆ ಪರೀಕ್ಷಿಸಿದಾಗ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಬೇರೆ ಊರಿನ ಗೆಳೆಯ ಮೊಬೈಲ್ ಡೇಟಾದಲ್ಲಿ ಆಡಿದ ದಿನ ಸಮಸ್ಯೆ ಹೊರಬೀಳುತ್ತದೆ.

ನಿಮ್ಮ ಪಾತ್ರವನ್ನು ಊಹೆಯಿಂದ ನಡೆಸಬಹುದು, ಸರಿ. ಇತರರನ್ನು? ಅವರು ಯಾವ ಕಡೆ ತಿರುಗುತ್ತಾರೆಂದು ಯಾರಿಗೆ ಗೊತ್ತು. ವಾಲ್ವ್ ಕಂಪನಿ ಕ್ವೇಕ್ ಎಂಜಿನ್ನಿನ ಮೇಲೆ ಕಟ್ಟಿ 1998ರಲ್ಲಿ ತಂದ ಹಾಫ್-ಲೈಫ್ ಮತ್ತು ಅದರ ಮರಿಗಳಲ್ಲಿ ಇದಕ್ಕೊಂದು ದಾರಿ ಕಂಡುಕೊಂಡರು. ಇತರರನ್ನು ಬೇಕೆಂದೇ 100 ಮಿಲಿಸೆಕೆಂಡ್ ಹಿಂದಿನ ಕಾಲದಲ್ಲಿ ತೋರಿಸುವುದು. ಆಗ ಕ್ಲೈಂಟಿನ ಕೈಯಲ್ಲಿ ಆ ಕ್ಷಣದ ಹಿಂದಿನ ಹಾಗೂ ಮುಂದಿನ ಎರಡೂ ಚಿತ್ರಣಗಳಿರುತ್ತವೆ. ನಡುವಿನದನ್ನು ನಯವಾಗಿ ತುಂಬಬಹುದು, ಒಂದು ಪ್ಯಾಕೆಟ್ ಕಳೆದರೂ ಓಟ ಮುರಿಯುವುದಿಲ್ಲ. ಇದರಿಂದ ಹೊಸ ತೊಡಕು ಹುಟ್ಟಿತು. ಹಳೆಯ ಜಾಗದಲ್ಲಿ ಕಂಡವನಿಗೆ ಗುರಿಯಿಟ್ಟರೆ ಗುಂಡು ತಗಲುವುದಾದರೂ ಹೇಗೆ? ವಾಲ್ವ್‌ನ ಯಾನ್ ಬರ್ನಿಯರ್ 2001ರ ಒಂದು ಪ್ರಬಂಧದಲ್ಲಿ ಅವರ ಉತ್ತರವನ್ನು ವಿವರಿಸಿದರು. ಸರ್ವರ್ ಎಲ್ಲ ಆಟಗಾರರ ಇತ್ತೀಚಿನ ಜಾಗಗಳ ಇತಿಹಾಸ ಇಟ್ಟುಕೊಂಡಿರುತ್ತದೆ. ಗುಂಡಿನ ಸಂದೇಶ ಬಂದಾಗ, ಹಾರಿಸಿದವನು ಆ ಹೊತ್ತಿನಲ್ಲಿ ಏನನ್ನು ಕಾಣುತ್ತಿದ್ದನೋ ಆ ಕಾಲಕ್ಕೆ ಎಲ್ಲರನ್ನೂ ಹಿಂದಕ್ಕೆ ಸರಿಸಿ, ತಗಲಿತೋ ಇಲ್ಲವೋ ನೋಡಿ, ಮತ್ತೆ ಮುಂದಕ್ಕೆ ತರುತ್ತದೆ.

ಇದರ ಬೆಲೆಯನ್ನು ತೆರುವವನು ಗುಂಡು ತಿಂದವನು. ಅವನು ಗೋಡೆಯ ಮರೆಗೆ ಸೇರಿಕೊಂಡಾಗಿದೆ, ತನ್ನ ಪರದೆಯಲ್ಲಿ ಸುರಕ್ಷಿತನಾಗಿದ್ದಾನೆ, ಆಮೇಲೆ ಸಾಯುತ್ತಾನೆ. ಗೋಡೆ ದಾಟಿ ಗುಂಡು ಬಂತು ಎಂದು ಕೂಗುವ ಹುಡುಗ ಸುಳ್ಳು ಹೇಳುತ್ತಿಲ್ಲ. ಅವನ ಕಾಲದಲ್ಲಿ ಅದು ನಿಜ, ಹೊಡೆದವನ ಕಾಲದಲ್ಲಿ ಗುರಿ ತಗಲಿದ್ದೂ ನಿಜ. ಯಾರ ನಿಜವನ್ನು ಎತ್ತಿಹಿಡಿಯಬೇಕು ಎಂಬುದನ್ನು ಆಟ ಕಟ್ಟುವವರು ತೀರ್ಮಾನಿಸಲೇಬೇಕು. ಗುರಿಯಿಟ್ಟವನ ಪರ ನಿಂತದ್ದು ಸರಿಯೆಂದೇ ನನ್ನ ಅಭಿಪ್ರಾಯ, ಏಕೆಂದರೆ ಕಣ್ಣೆದುರಿನ ಗುರಿ ತಪ್ಪಿದರೆ ಆಟದ ಮೇಲಿನ ನಂಬಿಕೆಯೇ ಹೋಗುತ್ತದೆ. ಫೋಟಾನ್ ಫ್ಯೂಷನ್‌ನಂಥ ಇಂದಿನ ದೊಡ್ಡ ಲೈಬ್ರರಿಗಳು ಈ ಹಿಂದಕ್ಕೆ ಸರಿಸುವ ವ್ಯವಸ್ಥೆಯನ್ನು ಸಿದ್ಧಮಾಡಿಯೇ ಕೊಡುತ್ತವೆ. ಒಂದು ಗುಂಡಿಯೊತ್ತಿ ಅದನ್ನು ಚಾಲೂ ಮಾಡುವವರಿಗೆ ತಾವೊಂದು ನ್ಯಾಯದ ತೀರ್ಮಾನ ತೆಗೆದುಕೊಂಡೆವೆಂದು ಗೊತ್ತಿರಬೇಕು.

ಎಲ್ಲ ಆಟಕ್ಕೂ ಇದೇ ಹಾದಿ ಒಗ್ಗುವುದಿಲ್ಲ. 1997ರ ಏಜ್ ಆಫ್ ಎಂಪೈರ್ಸ್‌ನಲ್ಲಿ ಎಂಟು ಮಂದಿ ಆಡಬಹುದಿತ್ತು, ಎಲ್ಲರ ಕಡೆಯೂ ಸೇರಿ ನೂರಾರು ಸೈನಿಕರು. 28.8 ಕಿಲೋಬಿಟ್ ಮೋಡೆಮಿನಲ್ಲಿ ಅಷ್ಟು ಸೈನಿಕರ ಜಾಗಗಳನ್ನು ಕಳಿಸುವ ಮಾತೇ ಇಲ್ಲ. ಆದ್ದರಿಂದ ಅವರು ಆಜ್ಞೆಗಳನ್ನು ಮಾತ್ರ ಕಳಿಸಿದರು. ಎಲ್ಲರ ಕಂಪ್ಯೂಟರಿನಲ್ಲೂ ಇಡೀ ಯುದ್ಧ ಪೂರ್ತಿಯಾಗಿ ನಡೆಯುತ್ತದೆ. ಕಾಲವನ್ನು ಪುಟ್ಟ ಪುಟ್ಟ ಸರದಿಗಳಾಗಿ ಹಂಚಿರುತ್ತದೆ; ಈಗ ಕೊಟ್ಟ ಆಜ್ಞೆ ಎರಡು ಸರದಿ ಕಳೆದ ಮೇಲೆ ಎಲ್ಲ ಕಡೆ ಒಟ್ಟಿಗೆ ಜಾರಿಯಾಗುತ್ತದೆ. ಇದಕ್ಕೆ ಎಲ್ಲ ಯಂತ್ರಗಳೂ ಕೂದಲೆಳೆಯಷ್ಟೂ ತಪ್ಪದೆ ಒಂದೇ ಲೆಕ್ಕ ಮಾಡಬೇಕು. ಒಂದು ಜಿಂಕೆ ಒಂದು ಕಂಪ್ಯೂಟರಿನಲ್ಲಿ ತುಸು ಬೇರೆ ಕಡೆ ತಿರುಗಿದರೂ ಸಾಕು, ಸ್ವಲ್ಪ ಹೊತ್ತಿನಲ್ಲಿ ಎರಡೂ ಕಡೆಯ ಚರಿತ್ರೆ ಬೇರೆಯಾಗುತ್ತದೆ. ಆ ತಂಡದ ಪಾಲ್ ಬೆಟ್ನರ್ ಮತ್ತು ಮಾರ್ಕ್ ಟೆರಾನೊ ಆಮೇಲೆ ಬರೆದ ಅನುಭವದಲ್ಲಿ ನನ್ನ ಗಮನ ಸೆಳೆದದ್ದು ಮನುಷ್ಯರ ಬಗೆಗಿನ ಒಂದು ಮಾತು. ಆಜ್ಞೆಗೆ 250 ಮಿಲಿಸೆಕೆಂಡ್ ತಡವಾದರೂ ಆಟಗಾರರಿಗೆ ಗೊತ್ತಾಗುತ್ತಿರಲಿಲ್ಲ, ಅರ್ಧ ಸೆಕೆಂಡಿನವರೆಗೂ ಸಹಿಸುತ್ತಿದ್ದರು. ಆದರೆ ಒಮ್ಮೆ ಬೇಗ ಒಮ್ಮೆ ತಡ ಎಂದಾದರೆ ಸಿಟ್ಟಾಗುತ್ತಿದ್ದರು. ಒಂದೇ ಸಮನಾದ ನಿಧಾನಕ್ಕೆ ಕೈ ಒಗ್ಗಿಕೊಳ್ಳುತ್ತದೆ.

ಕುಸ್ತಿ, ಬಾಕ್ಸಿಂಗ್ ಮಾದರಿಯ ಕಾದಾಟದ ಆಟಗಳಲ್ಲಿ ಮಾತ್ರ ಆ ನಿಧಾನವನ್ನೂ ಸಹಿಸಲಾಗದು. ಅಲ್ಲಿ ಮೂರ್ನಾಲ್ಕು ಫ್ರೇಮಿನಲ್ಲಿ ಸೋಲುಗೆಲುವು. 2006ರಲ್ಲಿ ಸ್ಟ್ರೀಟ್ ಫೈಟರ್ 2 ಎಕ್ಸ್‌ಬಾಕ್ಸ್ 360ಕ್ಕೆ ಬಂದಾಗ ಅದರ ಆನ್‌ಲೈನ್ ಆಟ ಕಂಡು ನಿರಾಶರಾದ ಟೋನಿ ಕ್ಯಾನನ್ ತಾವೇ ಒಂದು ಲೈಬ್ರರಿ ಬರೆದರು. ಅವರು ಇವೊ ಎಂಬ ಹೆಸರಾಂತ ಕಾದಾಟದ ಆಟಗಳ ಸ್ಪರ್ಧೆ ಕಟ್ಟಿದವರಲ್ಲೊಬ್ಬರು. ಎದುರುಬದುರು ಕೂತು ಆಡುವುದರ ಸುಖ ಬಲ್ಲವರು. ಲೈಬ್ರರಿಯ ಹೆಸರು ಜಿಜಿಪಿಒ.

ಅದು ಆಟದಿಂದ ಕೇಳುವುದು ಮುಖ್ಯವಾಗಿ ಮೂರು ಸಾಮರ್ಥ್ಯ: ಈಗಿನ ಇಡೀ ಸ್ಥಿತಿಯನ್ನು ಉಳಿಸಿಡಬೇಕು, ಉಳಿಸಿದ ಸ್ಥಿತಿಗೆ ಮರಳಬೇಕು, ಕೊಟ್ಟ ಒತ್ತುವಿಕೆಗಳನ್ನು ಬಳಸಿ ಒಂದು ಫ್ರೇಮ್ ಮುಂದೆ ಹೋಗಬೇಕು. ಉಳಿದದ್ದನ್ನು ಜಿಜಿಪಿಒ ನೋಡಿಕೊಳ್ಳುತ್ತದೆ. ಎದುರಾಳಿಯ ಒತ್ತುವಿಕೆ ಇನ್ನೂ ಬಂದಿಲ್ಲವೇ? ಹಿಂದಿನ ಫ್ರೇಮಿನಲ್ಲಿ ಒತ್ತಿದ್ದನ್ನೇ ಈಗಲೂ ಒತ್ತಿದ್ದಾನೆಂದು ಭಾವಿಸಿ ಆಟ ಮುಂದುವರಿಸುತ್ತದೆ. ಮನುಷ್ಯರು ಸೆಕೆಂಡಿಗೆ 60 ಸಲ ಮನಸ್ಸು ಬದಲಿಸುವುದಿಲ್ಲವಾದ್ದರಿಂದ ಈ ಊಹೆ ಹೆಚ್ಚಿನ ಫ್ರೇಮುಗಳಲ್ಲಿ ನಿಜವಾಗುತ್ತದೆ. ನಿಜವಾದ ಒತ್ತುವಿಕೆ ನಾಲ್ಕು ಫ್ರೇಮ್ ತಡವಾಗಿ ಬಂದು, ಊಹೆ ತಪ್ಪೆಂದು ತಿಳಿದರೆ, ಆಟವನ್ನು ನಾಲ್ಕು ಫ್ರೇಮ್ ಹಿಂದಕ್ಕೆ ಒಯ್ದು, ಸರಿಯಾದ ಒತ್ತುವಿಕೆಯೊಂದಿಗೆ ಮತ್ತೆ ಇಲ್ಲಿಯವರೆಗೆ ಓಡಿಸುತ್ತದೆ. ಇದೆಲ್ಲ ಒಂದು ಚಿತ್ರ ಬಿಡಿಸುವ 16.7 ಮಿಲಿಸೆಕೆಂಡಿನೊಳಗೆ ಮುಗಿಯಬೇಕು. ಆಟಗಾರನಿಗೆ ಕಾಣುವುದು ಎದುರಾಳಿಯ ಗುದ್ದಿನ ಮೊದಲ ಒಂದೆರಡು ಭಂಗಿ ಹಾರಿಹೋದದ್ದು ಮಾತ್ರ. ತನ್ನ ಕೈ ತಾನು ಒತ್ತಿದೊಡನೆ ಏಳುತ್ತದೆ. 2019ರ ಅಕ್ಟೋಬರಿನಲ್ಲಿ ಜಿಜಿಪಿಒದ ಮೂಲ ಕೋಡ್ ಪೂರ್ತಿ ಮುಕ್ತವಾಯಿತು. ಮರುವರ್ಷ ಕೊರೊನಾ ಬಂದು ಸ್ಪರ್ಧೆಗಳೆಲ್ಲ ಮನೆಯೊಳಗೆ ಸೇರಿಕೊಂಡಾಗ, ಹಿಂದಕ್ಕೆ ಹೋಗಿ ತಿದ್ದುವ ಈ ರೋಲ್‌ಬ್ಯಾಕ್ ವಿಧಾನ ಬೇಕೇಬೇಕೆಂದು ಆಟಗಾರರೇ ಕಂಪನಿಗಳನ್ನು ಒತ್ತಾಯಿಸಿದರು. ತಂತ್ರಾಂಶದ ಒಳಗುಟ್ಟೊಂದು ಆಟಗಾರರ ಬೇಡಿಕೆಯಾದದ್ದು ಸಂತೋಷದ ಸಂಗತಿ.

ನೆನಪಿಡಬೇಕಾದದ್ದು, ಸ್ಥಿತಿಯನ್ನು ಉಳಿಸಿ ಮರಳುವ ಗುಣವನ್ನು ಆಟ ಮುಗಿದ ಮೇಲೆ ಸೇರಿಸಲು ಹೊರಟರೆ ಅರ್ಧ ಆಟವನ್ನು ಮತ್ತೆ ಬರೆಯಬೇಕಾಗುತ್ತದೆ. ಲೈಬ್ರರಿಯ ಆಯ್ಕೆ ಮೊದಲ ವಾರದ ಕೆಲಸ.

ಸರದಿಯಂತೆ ಆಡುವ ಆಟಗಳಿಗೆ ಈ ಸಾಹಸ ಯಾವುದೂ ಬೇಡ. 2020ರ ಲಾಕ್‌ಡೌನ್‌ನಲ್ಲಿ ಬೇರೆಬೇರೆ ಊರಿನ ಅಣ್ಣತಮ್ಮಂದಿರು, ಅತ್ತಿಗೆ-ನಾದಿನಿಯರು ಸೇರಿ ಲೂಡೊ ಕಿಂಗ್ ಆಡಿದ್ದು ಅನೇಕ ಮನೆಗಳಲ್ಲಿ ನೆನಪಿರಬಹುದು. ದಾಳ ಬೀಳುವುದು ಅರ್ಧ ಸೆಕೆಂಡ್ ತಡವಾದರೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಇಂಥದ್ದಕ್ಕೆ 2011ರಿಂದ ಬ್ರೌಸರುಗಳಲ್ಲೇ ಇರುವ ವೆಬ್‌ಸಾಕೆಟ್, ಅದು ಟಿಸಿಪಿಯ ಮೇಲೆ ಓಡಿದರೂ, ಸಾಕು. ಲಿಚೆಸ್ ಎಂಬ ಉಚಿತ ಚದುರಂಗ ತಾಣ ಅದನ್ನೇ ಬಳಸುತ್ತದೆ. ಜೊತೆಗೆ ನೆಟ್‌ವರ್ಕಿನಲ್ಲಿ ಕಳೆದ ಹೊತ್ತನ್ನು ಒಂದು ಮಿತಿಯವರೆಗೆ ಆಟಗಾರನ ಗಡಿಯಾರಕ್ಕೆ ಮರಳಿಸುತ್ತದೆ. ದೂರದ ಹಳ್ಳಿಯಿಂದ ಆಡುವವನಿಗೂ ನ್ಯಾಯ ಸಿಗಲಿ ಎಂಬ ಎಚ್ಚರ ಅದರಲ್ಲಿದೆ.

ಈಗ ಎರಡನೇ ಪ್ರಶ್ನೆ. ಪ್ಯಾಕೆಟ್ ಸಾಗಿಸುವುದು ಒಂದು ಕೆಲಸ. ಆಟಗಾರರನ್ನು ಪರಸ್ಪರ ಹುಡುಕಿಸುವುದು ಇನ್ನೊಂದು. ನಮ್ಮ ಮೊಬೈಲ್ ಜಾಲಗಳಲ್ಲಿ ಹಳೆಯ ಮಾದರಿಯ ಒಂದೇ ಇಂಟರ್ನೆಟ್ ವಿಳಾಸವನ್ನು ಬಹಳಷ್ಟು ಫೋನುಗಳು ಹಂಚಿಕೊಳ್ಳುತ್ತವೆ. ಹೊರಗಿನಿಂದ ಒಂದು ಫೋನನ್ನು ನೇರವಾಗಿ ತಲುಪುವುದು ಕಷ್ಟ. ಆದ್ದರಿಂದ ನಡುವೆ ಯಾರದೋ ಸರ್ವರ್ ಬೇಕು, ಅದರ ಜೊತೆ ಮಾತಾಡುವ ಲೈಬ್ರರಿ ಕ್ಲೈಂಟಿನಲ್ಲಿ ಬೇಕು. ಫೋಟಾನ್‌ನಂಥ ಕಂಪನಿಗಳು ಎರಡನ್ನೂ ಕೊಡುತ್ತವೆ, ಒಂದೇ ಸಮಯಕ್ಕೆ ಎಷ್ಟು ಮಂದಿ ಆಡುತ್ತಾರೆಂಬುದರ ಮೇಲೆ ಹಣ ಪಡೆಯುತ್ತವೆ. ಸಣ್ಣ ತಂಡಕ್ಕೆ ಇದು ದೊಡ್ಡ ಅನುಕೂಲ, ನಿಜ. ಆದರೆ ಆಟದ ಉಸಿರು ಇನ್ನೊಬ್ಬರ ಯಂತ್ರದಲ್ಲಿರುತ್ತದೆ.

ಆ ಉಸಿರು ನಿಂತರೆ ಏನಾಗುತ್ತದೆಂದು 2014 ತೋರಿಸಿಕೊಟ್ಟಿತು. ಗೇಮ್‌ಸ್ಪೈ ಹುಟ್ಟಿದ್ದು 1996ರಲ್ಲಿ, ಕ್ವೇಕ್ ಸರ್ವರುಗಳನ್ನು ಹುಡುಕಿಕೊಡುವ ಪುಟ್ಟ ಪ್ರೋಗ್ರಾಮಾಗಿ. ಮುಂದೆ ಅದು ಲಾಗಿನ್, ಸರ್ವರ್ ಪಟ್ಟಿ, ಪಂದ್ಯ ಕೂಡಿಸುವುದು, ಅಂಕಗಳ ದಾಖಲೆ ಎಲ್ಲವನ್ನೂ ನೋಡಿಕೊಳ್ಳುವ ಲೈಬ್ರರಿಯಾಗಿ ಬೆಳೆದು ನೂರಾರು ಆಟಗಳ ಕ್ಲೈಂಟಿನೊಳಗೆ ಸೇರಿಕೊಂಡಿತು. 2012ರಲ್ಲಿ ಅದು ಗ್ಲೂ ಮೊಬೈಲ್ ಕಂಪನಿಯ ಕೈಸೇರಿತು. 2014ರ ಮೇ 31ರಂದು ಸೇವೆ ನಿಂತಿತು. ಬ್ಯಾಟಲ್‌ಫೀಲ್ಡ್ 1942, ಬ್ಯಾಟಲ್‌ಫೀಲ್ಡ್ 2 ಸೇರಿ ಇಎ ಕಂಪನಿಯ ಹಲವು ಹಳೆಯ ಆಟಗಳ ಆನ್‌ಲೈನ್ ಬದುಕು ಅದರಿಂದಾಗಿ ಮುಗಿಯಿತು. ನಿಂಟೆಂಡೊದ ವೀ ಮತ್ತು ಡಿಎಸ್ ಯಂತ್ರಗಳ ಆನ್‌ಲೈನ್ ಸೇವೆಯೂ ಗೇಮ್‌ಸ್ಪೈ ಮೇಲೆ ನಿಂತದ್ದು. ಅದು ಮೇ 20ರಂದೇ ನಿಂತಿತು. ಮಾರಿಯೊ ಕಾರ್ಟ್ ವೀ ಆಡುವವರು ಕೈಕಟ್ಟಿ ಕೂರಲಿಲ್ಲ. ಕ್ಲೈಂಟ್ ಸರ್ವರಿನೊಂದಿಗೆ ಆಡುವ ಮಾತನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ನೋಡಿ, ವೀಮ್‌ಫೈ ಎಂಬ ಬದಲಿ ಸೇವೆಯನ್ನು ತಾವೇ ಕಟ್ಟಿದರು. ಮೂಲ ಕೋಡ್ ಕೈಯಲ್ಲಿಲ್ಲದೆ ಹೀಗೆ ಮಾಡಲು ಬೇಕಾದ ಸಹನೆಯನ್ನು ಮೆಚ್ಚಲೇಬೇಕು, ಆದರೆ ಪ್ರತಿ ಆಟಕ್ಕೂ ಅಂಥ ಭಕ್ತರು ಸಿಗುವುದಿಲ್ಲ.

ಮೂಲ ಕೋಡ್ ಕೈಯಲ್ಲಿದ್ದರೆ ಕತೆ ಬೇರೆ. 2018ರಲ್ಲಿ ಗೇಮ್ ಎಂಜಿನ್ ತಯಾರಿಸುವ ಯೂನಿಟಿ ಕಂಪನಿ ತನ್ನ ಯುನೆಟ್ ಲೈಬ್ರರಿಯನ್ನು ಕೈಬಿಡುವುದಾಗಿ ಸಾರಿತು. ಅದರ ಮೇಲ್ಪದರದ ಮೂಲ ಕೋಡ್ ತೆರೆದೇ ಇದ್ದುದರಿಂದ ಬಳಕೆದಾರರು ಅದನ್ನೆತ್ತಿಕೊಂಡು ಮಿರರ್ ಎಂಬ ಲೈಬ್ರರಿ ಮಾಡಿಕೊಂಡರು, ಇಂದಿಗೂ ಬೆಳೆಸುತ್ತಿದ್ದಾರೆ. 2014ರಲ್ಲಿ ರಾಕ್‌ನೆಟ್ ಲೈಬ್ರರಿಯನ್ನು ಕೊಂಡ ಆಕ್ಯುಲಸ್ ಕಂಪನಿ ಅದನ್ನು ಮುಕ್ತಗೊಳಿಸಿತು. ಎರಡೂ ಕಡೆ ಆಟಗಳನ್ನು ಉಳಿಸಿದ್ದು ಕೋಡ್ ಕೈಯಲ್ಲಿದ್ದುದೇ. ಇನ್ನೊಂದು ಕಡೆ, ಯೂಬಿಸಾಫ್ಟ್‌ನ ದಿ ಕ್ರೂ ಎಂಬ ಕಾರಿನ ಆಟದ ಸರ್ವರ್ 2024ರ ಮಾರ್ಚ್ 31ರಂದು ನಿಂತಾಗ, ದುಡ್ಡು ಕೊಟ್ಟು ಕೊಂಡವರು ಒಬ್ಬೊಬ್ಬರೇ ಕೂತು ಆಡುವುದೂ ಆಗದೆ ಹೋಯಿತು. ಅದರ ಬೆನ್ನಿಗೇ ಯುರೋಪಿನಲ್ಲಿ ಎದ್ದ, ಆಟಗಳನ್ನು ಕೊಲ್ಲಬೇಡಿ ಎಂಬ ಅಹವಾಲಿಗೆ 2025ರ ಜುಲೈನಲ್ಲಿ 10 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಆ ಬೇಡಿಕೆ ನ್ಯಾಯವಾದದ್ದು.

ಆಟವನ್ನು ಉಳಿಸುವ ದಾರಿಯೂ ಇದೆ. ಕ್ವೇಕ್‌ನ ಮೂಲ ಕೋಡನ್ನು ಐಡಿ ಸಾಫ್ಟ್‌ವೇರ್ 1999ರ ಡಿಸೆಂಬರಿನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಕ್ವೇಕ್‌ವರ್ಲ್ಡ್ ಆಡುವವರು ಈಗಲೂ ಇದ್ದಾರೆ, ಸರ್ವರುಗಳನ್ನು ಅವರೇ ನಡೆಸುತ್ತಾರೆ, ಹೊಸ ಕಂಪ್ಯೂಟರುಗಳಿಗೆ ಹೊಂದುವ ಕ್ಲೈಂಟನ್ನೂ ಅವರೇ ಬರೆದುಕೊಂಡಿದ್ದಾರೆ.

ಎಂಜಿನಿಯರಿಂಗ್ ಕಾಲೇಜಿನ ಕೊನೆಯ ವರ್ಷದ ಪ್ರಾಜೆಕ್ಟಿಗೆ ಆನ್‌ಲೈನ್ ಆಟ ಆಯ್ದುಕೊಳ್ಳುವವರಲ್ಲಿ, ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಇಬ್ಬರು ಮೂವರು ಸೇರಿ ಸ್ಟುಡಿಯೊ ಕಟ್ಟಲು ಹೊರಟವರಲ್ಲಿ ನನ್ನದೊಂದು ಕೋರಿಕೆ. ಸಿದ್ಧ ಸೇವೆಗೆ ಹೆಸರು ನೋಂದಾಯಿಸುವ ಮೊದಲು ಎನೆಟ್ ಇಳಿಸಿಕೊಂಡು, ಪರದೆಯ ಮೇಲೆ ಎರಡು ಚುಕ್ಕಿಗಳು ಓಡಾಡುವ ಒಂದು ಪುಟ್ಟ ಕ್ಲೈಂಟ್ ಬರೆಯಿರಿ. ಲಿನಕ್ಸ್‌ನ ನೆಟ್‌ಎಮ್ ಸೌಲಭ್ಯ ಬಳಸಿ ಬೇಕೆಂದೇ 200 ಮಿಲಿಸೆಕೆಂಡ್ ವಿಳಂಬ ಸೇರಿಸಿ, ನೂರಕ್ಕೆ ಐದು ಪ್ಯಾಕೆಟ್ ಬೀಳಿಸಿ, ನಿಮ್ಮ ಚುಕ್ಕಿ ಕೈಗೆ ಸಿಗದೆ ಒದ್ದಾಡುವುದನ್ನು ನೋಡಿ. ಆಮೇಲೆ ಕಾರ್ಮ್ಯಾಕ್ ಮಾಡಿದಂತೆ ಊಹೆಯನ್ನೂ ತಿದ್ದುಪಡಿಯನ್ನೂ ನೀವೇ ಸೇರಿಸಿ. ಅಷ್ಟಾದ ಮೇಲೆ ಯಾವ ಲೈಬ್ರರಿಯನ್ನಾದರೂ ಕೊಂಡುಕೊಳ್ಳಿ, ಏನನ್ನು ಕೊಳ್ಳುತ್ತಿದ್ದೀರೆಂದು ನಿಮಗೆ ಗೊತ್ತಿರುತ್ತದೆ. ಆಟವನ್ನು ಮಾರುಕಟ್ಟೆಗೆ ಬಿಡುವ ದಿನ, ನಿಮ್ಮ ಸರ್ವರ್ ನಿಂತರೆ ಆಟಗಾರರು ತಮ್ಮದೇ ಸರ್ವರಿನ ವಿಳಾಸ ಬರೆದು ಆಡುವುದಕ್ಕೆ ಕ್ಲೈಂಟಿನಲ್ಲಿ ಒಂದು ಜಾಗ ಬಿಟ್ಟಿರಿ.